ಬೆನ್ನಿಯ ಮೌನಕ್ಕೆ ಕತ್ತರಿ ಹಾಕಬೇಡಿ: ಹಳೆಯ ರೇಡಿಯೋ ಹಾಸ್ಯ ಕೇಳುವವರಿಗೊಂದು ಕೈಪಿಡಿ

ಅಮೆರಿಕದ ಹಳೆಯ ರೇಡಿಯೋ ಹಾಸ್ಯಗಾರ ಜಾಕ್ ಬೆನ್ನಿಯ ಹೆಸರು ಹುಡುಕಿದರೆ ಎಲ್ಲಕ್ಕಿಂತ ಮೊದಲು ಎದುರಾಗುವುದು ಒಂದೇ ತುಣುಕು. ಕತ್ತಲಲ್ಲಿ ಮನೆಗೆ ಹೊರಟವನನ್ನು ಕಳ್ಳನೊಬ್ಬ ಅಡ್ಡಗಟ್ಟುತ್ತಾನೆ: ದುಡ್ಡು ಕೊಡ್ತೀಯೋ, ಪ್ರಾಣ ಕೊಡ್ತೀಯೋ? ಬೆನ್ನಿ ಬಾಯಿ ಬಿಡುವುದಿಲ್ಲ. ಸಭಾಂಗಣದಲ್ಲಿ ನಗು ಏಳುತ್ತದೆ, ಬೆಳೆಯುತ್ತದೆ. ಕಳ್ಳನಿಗೆ ತಾಳ್ಮೆ ಕೆಟ್ಟು ಮತ್ತೆ ಗದರುತ್ತಾನೆ. 'ಇರಪ್ಪಾ, ಯೋಚನೆ ಮಾಡ್ತಾ ಇದೀನಿ!'

1948ರ ಮಾರ್ಚ್ 28ರಂದು ಪ್ರಸಾರವಾದ ಈ ಪ್ರಸಂಗವನ್ನು ಅಮೆರಿಕದ ರೇಡಿಯೋ ಹಾಸ್ಯದ ತುತ್ತತುದಿ ಎಂದು ಹೊಗಳುವವರು ಬಹಳ. ಇಂದು ಮೊದಲ ಸಲ ಕೇಳಿದವರು ಒಂದಿಷ್ಟು ನಕ್ಕು, ಇಷ್ಟಕ್ಕೇನಾ ಇಷ್ಟೊಂದು ಗದ್ದಲ ಎಂದು ಮೊಬೈಲನ್ನು ಪಕ್ಕಕ್ಕಿಡುತ್ತಾರೆ. ಅವರು ಹಾಗೆ ಮಾಡುವುದರಲ್ಲಿ ತಪ್ಪೇನಿಲ್ಲ. ಅಂದು ಸಭಾಂಗಣದಲ್ಲಿ ಕೂತವರಿಗೆ ಆ ಮನುಷ್ಯನ ಜಿಪುಣತನ 16 ವರ್ಷಗಳಿಂದ, ವಾರ ವಾರವೂ, ಪರಿಚಿತವಾಗಿತ್ತು. ಅವನು ಬಾಯಿ ತೆರೆಯುವ ಮೊದಲೇ ಉತ್ತರ ಅವರ ತಲೆಯಲ್ಲಿತ್ತು. ನಮಗೆ ಸಿಕ್ಕಿದ್ದು ಉತ್ತರ ಮಾತ್ರ, ಆ 16 ವರ್ಷ ಅಲ್ಲ.

ಹಾಗಾಗಿ ಈ ಬರಹದಲ್ಲಿ 'ಕೇಳಲೇಬೇಕಾದ ಹತ್ತು ಕಂತುಗಳು' ಎಂಬ ಪಟ್ಟಿ ಇಲ್ಲ. ಅಂಥ ಪಟ್ಟಿಗಳೇ ಈ ಕಾರ್ಯಕ್ರಮಗಳ ಮೇಲಿನ ಆಸಕ್ತಿಯನ್ನು ಕೊಲ್ಲುವುದು. ನನ್ನ ಸಲಹೆ ಇಷ್ಟು: ಒಂದೇ ಕಾರ್ಯಕ್ರಮ ಆರಿಸಿ, ಅದರ ಒಂದು ಇಡೀ ವರ್ಷವನ್ನು ಪ್ರಸಾರವಾದ ಕ್ರಮದಲ್ಲೇ, ಜಾಹೀರಾತು ಸಮೇತ ಕೇಳಿ. ಅದಕ್ಕೆ ಏನೇನು ಮಾಡಬೇಕು, ಏನೇನು ಮಾಡಬಾರದು ಎಂಬುದು ಮುಂದಿದೆ.

ಎಲ್ಲಿಂದ ಶುರು ಮಾಡುವುದು

ಅಮೆರಿಕದಲ್ಲಿ ರೇಡಿಯೋದ ಸುವರ್ಣಯುಗ ಎಂದು ಕರೆಯುವುದು ಸುಮಾರಾಗಿ 1930ರಿಂದ 1950ರ ದಶಕದ ನಡುವಿನವರೆಗಿನ ಕಾಲವನ್ನು. ಆಮೇಲೆ ಟಿವಿ ಬಂದು ಕೇಳುಗರನ್ನೂ ಕಲಾವಿದರನ್ನೂ ಒಟ್ಟಿಗೆ ಎಳೆದುಕೊಂಡು ಹೋಯಿತು. ಈ ಅವಧಿಯಲ್ಲಿ ಹಾಸ್ಯ ಕಾರ್ಯಕ್ರಮಗಳು ಲೆಕ್ಕವಿಲ್ಲದಷ್ಟಿದ್ದರೂ ಹೊಸಬರಿಗೆ ನಾನು ಹೇಳುವುದು ಒಂದೇ: ಜಾಕ್ ಬೆನ್ನಿ ಕಾರ್ಯಕ್ರಮದ 1945–46ರ ಋತು, ಅಂದರೆ ಆ ವರ್ಷದ ಕಂತುಗಳ ಸರಣಿ.

ಕಾರಣಗಳಿವೆ. 1932ರ ಮೇ 2ರಂದು ಶುರುವಾಗಿ 1955ರವರೆಗೆ ನಡೆದ ಈ ಕಾರ್ಯಕ್ರಮದ ಮೊದಮೊದಲ ವರ್ಷಗಳ ಧ್ವನಿಮುದ್ರಿಕೆಗಳು ಉಳಿದಿರುವುದು ತೀರಾ ಕಡಿಮೆ. 1936ರ ನಂತರದವು ದಂಡಿಯಾಗಿ ಸಿಗುತ್ತವೆ. 1945ರ ಹೊತ್ತಿಗೆ ತಂಡ ಪಳಗಿದೆ. ಎಲ್ಲರನ್ನೂ ಕಾಲೆಳೆಯುವ ಮೇರಿ ಲಿವಿಂಗ್‌ಸ್ಟನ್ (ನಿಜಜೀವನದಲ್ಲಿ ಬೆನ್ನಿಯ ಹೆಂಡತಿ), ಕುಡಿತದ ಜೋಕುಗಳ ಬ್ಯಾಂಡ್ ಮಾಸ್ಟರ್ ಫಿಲ್ ಹ್ಯಾರಿಸ್, ದಢೂತಿ ಉದ್ಘೋಷಕ ಡಾನ್ ವಿಲ್ಸನ್, ಮನೆಗೆಲಸದ ರೋಚೆಸ್ಟರ್ ಪಾತ್ರದ ಎಡ್ಡಿ ಆ್ಯಂಡರ್ಸನ್. ಇವರ ಜತೆಗೆ ಮೆಲ್ ಬ್ಲಾಂಕ್. ಬಗ್ಸ್ ಬನಿಯ ದನಿ ಇವರದೇ, ಹಾಗಾಗಿ ಕಾರ್ಟೂನ್ ನೋಡಿ ಬೆಳೆದವರಿಗೆ ಆ ಗಂಟಲು ಪರಿಚಿತ. ಇಲ್ಲಿ ಅವರು ಬೆನ್ನಿಯ ಡಕೋಟ ಕಾರು, ಗಿಳಿ, ನೊಂದು ಬೆಂದ ಪಿಟೀಲು ಮೇಷ್ಟ್ರು, ರೈಲ್ವೆ ನಿಲ್ದಾಣದ ಘೋಷಕ ಎಲ್ಲವೂ ಆಗುತ್ತಾರೆ.

ಆ ಘೋಷಕನಿಗಾಗಿಯಾದರೂ ಕ್ರಮದಲ್ಲೇ ಕೇಳಬೇಕು. 'ಆನಹೈಮ್, ಅಝೂಸ, ಕುಕ… ಮಾಂಗಾ!' ಎಂದು ಅವನು ಕೂಗುವ ಮೂರೂ ಲಾಸ್ ಏಂಜಲೀಸ್ ಆಸುಪಾಸಿನ ನಿಜವಾದ ಊರುಗಳೇ. 1945ರ ಆರಂಭದಲ್ಲಿ ಹುಟ್ಟಿದ ಈ ಜೋಕಿನಲ್ಲಿ 'ಕುಕ'ಕ್ಕೂ 'ಮಾಂಗಾ'ಕ್ಕೂ ನಡುವಿನ ಬಿಡುವು ಬರಬರುತ್ತ ಹಿಗ್ಗುತ್ತ ಹೋಯಿತು. ಕೊನೆಕೊನೆಗೆ ನಡುವೆ ಬೇರೆ ಮಾತುಕತೆಯೇ ನಡೆದು, ಕೇಳುಗರು ಮರೆತೇಬಿಟ್ಟ ಮೇಲೆ ಎಲ್ಲಿಂದಲೋ 'ಮಾಂಗಾ!' ತೇಲಿ ಬರುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಹೆಸರುಗಳು ಹೆದ್ದಾರಿ ಫಲಕದಿಂದ ಬಾಯಿಪಾಠವಾಗಿರಬಹುದು. ರ‍್ಯಾಂಚೊ ಕುಕಮಾಂಗಾದವರು ಆ ಉಪಕಾರ ಸ್ಮರಿಸಿ ಬೆನ್ನಿಯ ಕಂಚಿನ ಪ್ರತಿಮೆಯನ್ನೇ ಮಾಡಿಸಿಟ್ಟಿದ್ದಾರೆ.

ಇದೇ ಋತುವಿನ ಡಿಸೆಂಬರಿನಲ್ಲಿ 'ನನಗೆ ಜಾಕ್ ಬೆನ್ನಿಯನ್ನು ಕಂಡರಾಗದು, ಏಕೆಂದರೆ…' ಎಂಬ ಸ್ಪರ್ಧೆ ಶುರುವಾಗುತ್ತದೆ. ಬಹುಮಾನ 10,000 ಡಾಲರ್ ಮೌಲ್ಯದ ಬಾಂಡ್‌ಗಳು, ಬಂದ ಪತ್ರಗಳು ಲಕ್ಷಗಟ್ಟಲೆ. ತೀರ್ಪುಗಾರರಲ್ಲಿ ಒಬ್ಬರು, ಬೆನ್ನಿಯ ಜನ್ಮವೈರಿಯೆಂದು ಸೋಗು ಹಾಕುತ್ತಿದ್ದ ಹಾಸ್ಯಗಾರ ಫ್ರೆಡ್ ಅಲೆನ್. ಅದೇ ತಿಂಗಳಲ್ಲಿ ಇಂಗ್ಲಿಷ್ ನಟ ರೊನಾಲ್ಡ್ ಕೋಲ್ಮನ್ ಮತ್ತು ಅವರ ಹೆಂಡತಿ ಬೆನಿಟಾ ನೆರೆಮನೆಯವರಾಗಿ ಕಾರ್ಯಕ್ರಮಕ್ಕೆ ಕಾಲಿಡುತ್ತಾರೆ. ಸಂಭಾವಿತರಾದ ಅವರಿಗೆ ಈ ನೆರೆಯವನೆಂದರೆ ಮೈಯೆಲ್ಲ ಉರಿ. ಎರಡು ವರ್ಷದ ನಂತರ ಕಳ್ಳ ಅಡ್ಡಹಾಕಿದಾಗ ಬೆನ್ನಿಯ ಕೈಯಲ್ಲಿದ್ದದ್ದೇನು ಗೊತ್ತೆ? ಕೋಲ್ಮನ್‌ರಿಂದ ಎರವಲು ತಂದ ಆಸ್ಕರ್ ಪ್ರಶಸ್ತಿ. ಆ ಪ್ರಶಸ್ತಿ ಕೋಲ್ಮನ್‌ಗೆ ನಿಜವಾಗಿಯೂ ಬಂದು ಆಗಿನ್ನೂ ಎಂಟೇ ದಿನ. ತುಣುಕು ಕೇಳುವವರಿಗೆ ಇದು ಯಾವುದೂ ತಿಳಿಯುವುದಿಲ್ಲ. ಕದ್ದುಹೋದ ಆಸ್ಕರ್‌ನ ಕತೆ ಮುಂದಿನ ವಾರಗಳಿಗೂ ಬೆಳೆಯಿತೆಂಬುದಂತೂ ತಿಳಿಯುವುದೇ ಇಲ್ಲ.

ಒಂದು ಮುನ್ಸೂಚನೆ: ಋತುವಿನ ಬಹುಭಾಗದಲ್ಲಿ ಹಾಡುವವರು ಲ್ಯಾರಿ ಸ್ಟೀವನ್ಸ್. ಖಾಯಂ ಗಾಯಕ ಡೆನ್ನಿಸ್ ಡೇ ನೌಕಾದಳಕ್ಕೆ ಹೋಗಿದ್ದರು. 1946ರ ಮಾರ್ಚ್‌ನಲ್ಲಿ ಅವರು ಮರಳಿ ಬಂದಾಗ ಏಳುವ ಚಪ್ಪಾಳೆಯ ತೂಕ, ಅಲ್ಲಿಯವರೆಗೆ ಕೇಳುತ್ತಾ ಬಂದವರಿಗೇ ಗೊತ್ತು.

ಕಡತ ಹುಡುಕುವುದು

ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೆಯ ರೇಡಿಯೋಗೆಂದೇ ದೊಡ್ಡ ವಿಭಾಗವಿದೆ. ಅದರಲ್ಲಿ 'ಓಲ್ಡ್ ಟೈಮ್ ರೇಡಿಯೋ ರಿಸರ್ಚರ್ಸ್' ಎಂಬ ಹವ್ಯಾಸಿಗಳ ಗುಂಪು ದಿನಾಂಕ ಪರಿಶೀಲಿಸಿ ಜೋಡಿಸಿದ ಸಂಗ್ರಹಗಳನ್ನು ಮೊದಲು ನೋಡಿ. ಯೂಟ್ಯೂಬ್‌ನಲ್ಲೂ ಪಾಡ್‌ಕಾಸ್ಟ್‌ಗಳಲ್ಲೂ ಇವೇ ಕಂತುಗಳು ಹೇರಳವಾಗಿವೆ, ಆದರೆ ಅಲ್ಲಿ ದಿನಾಂಕ ಮಾಯವಾಗಿ ಯಾರೋ ಕೊಟ್ಟ ಶೀರ್ಷಿಕೆ ಮಾತ್ರ ಉಳಿದಿರುತ್ತದೆ. ಬೆನ್ನಿಯ ಕಂತುಗಳಿಗೆ ಮೂಲದಲ್ಲಿ ಶೀರ್ಷಿಕೆಯೇ ಇರಲಿಲ್ಲ, ಅವೆಲ್ಲ ಸಂಗ್ರಾಹಕರು ಆಮೇಲೆ ಅಂಟಿಸಿದ ಹೆಸರುಗಳು. ಒಂದೇ ಕಂತು ಮೂರು ಹೆಸರಿನಲ್ಲಿ ತಿರುಗುವುದುಂಟು. ಆದ್ದರಿಂದ ದಿನಾಂಕವನ್ನಷ್ಟೇ ನಂಬಿ.

ಅರ್ಧ ಗಂಟೆಯ ಕಂತು 64 ಕಿಲೋಬಿಟ್‌ನ ಎಂಪಿ3 ಆಗಿದ್ದರೆ ಸುಮಾರು 14 ಎಂಬಿ, 128 ಆಗಿದ್ದರೆ ಅದರ ದುಪ್ಪಟ್ಟು. ಇಡೀ ಸಂಗ್ರಹದ ಜಿಪ್ ಇಳಿಸಿಕೊಳ್ಳುವ ಆಸೆ ಬೇಡ. ನೂರಾರು ಕಂತು ಮೊಬೈಲಿನಲ್ಲಿ ಬಿದ್ದಿದ್ದರೆ ಯಾರೂ ಒಂದನ್ನೂ ಕೇಳುವುದಿಲ್ಲ. ಒಂದು ತಿಂಗಳಿಗಾಗುವಷ್ಟು ಇಳಿಸಿಕೊಂಡು, ಕಡತದ ಹೆಸರನ್ನು ವರ್ಷ–ತಿಂಗಳು–ದಿನ ಕ್ರಮದಲ್ಲಿ ಬದಲಿಸಿಕೊಳ್ಳಿ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುವುದರಿಂದ ಹಾಗೇ ಬಿಟ್ಟರೆ ಪ್ರತಿ ವರ್ಷದ ಜನವರಿಗಳೆಲ್ಲ ಒಂದೆಡೆ ಗುಂಪುಗೂಡುತ್ತವೆ.

ಇವೆಲ್ಲ ಹಕ್ಕುಸ್ವಾಮ್ಯ ಮುಗಿದ ಸರಕು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದು ಸರಿಯಲ್ಲ. ಅಮೆರಿಕದ 2018ರ ಮ್ಯೂಸಿಕ್ ಮಾಡರ್ನೈಸೇಶನ್ ಆ್ಯಕ್ಟ್ ಪ್ರಕಾರ 1923ರಿಂದ 1946ರೊಳಗೆ ಪ್ರಕಟವಾದ ಧ್ವನಿಮುದ್ರಿಕೆಗಳಿಗೆ 100 ವರ್ಷದ ರಕ್ಷಣೆಯಿದೆ, 1947ರಿಂದ 1956ರವರೆಗಿನವಕ್ಕೆ 110 ವರ್ಷ. ಮನೆಯಲ್ಲಿ ಕೂತು ಕೇಳುವುದು ಒಂದು, ತುಣುಕು ಕತ್ತರಿಸಿ ನಿಮ್ಮ ಚಾನೆಲ್‌ಗೆ ಹಾಕಿ ಹಣ ಮಾಡಹೊರಡುವುದು ಇನ್ನೊಂದು.

ನಿಮ್ಮ ಕೈಲಿರುವುದು ಯಾವ ಪ್ರತಿ?

ಈ ಹಂತವನ್ನು ಹೆಚ್ಚಿನವರು ದಾಟಿಬಿಡುತ್ತಾರೆ. ಒಂದೇ ಕಂತಿಗೆ ಎರಡು ಮೂರು ಬಗೆಯ ಪ್ರತಿಗಳು ಇರಬಹುದು, ಅವುಗಳ ನಡುವೆ ವ್ಯತ್ಯಾಸ ದೊಡ್ಡದು.

ಆಗಿನ ದೊಡ್ಡ ರೇಡಿಯೋ ಜಾಲಗಳಾದ ಎನ್‌ಬಿಸಿ ಮತ್ತು ಸಿಬಿಎಸ್, ಮೊದಲೇ ಮುದ್ರಿಸಿದ್ದನ್ನು ಪ್ರಸಾರ ಮಾಡುವಂತಿಲ್ಲ ಎಂಬ ಪಟ್ಟು ಹಿಡಿದಿದ್ದವು. ಎಲ್ಲವೂ ನೇರಪ್ರಸಾರ. ಎಷ್ಟೋ ಕಾರ್ಯಕ್ರಮಗಳು ಪೂರ್ವ ಕರಾವಳಿಗೊಮ್ಮೆ, ಕೆಲವು ಗಂಟೆ ಬಿಟ್ಟು ಪಶ್ಚಿಮ ಕರಾವಳಿಗಾಗಿ ಇನ್ನೊಮ್ಮೆ, ಅದೇ ಸ್ಕ್ರಿಪ್ಟ್ ಹಿಡಿದು ನಡೆಯುತ್ತಿದ್ದವು. ಗಾಯಕ ಬಿಂಗ್ ಕ್ರಾಸ್ಬಿ 1946ರ ಅಕ್ಟೋಬರಿನಲ್ಲಿ ಎಬಿಸಿ ಎಂಬ ಇನ್ನೊಂದು ಜಾಲಕ್ಕೆ ಹೋಗಿ ಮುದ್ರಿತ ಕಾರ್ಯಕ್ರಮ ಶುರುಮಾಡಿದ ಮೇಲೆಯೇ ಆ ಪಟ್ಟು ಸಡಿಲಿದ್ದು. ಹಾಗಿದ್ದೂ ನಮಗೆ ಇಷ್ಟೆಲ್ಲ ಉಳಿದಿರುವುದು ಜಾಹೀರಾತುದಾರರು, ಏಜೆನ್ಸಿಗಳು, ಕಲಾವಿದರು ತಮ್ಮ ದಾಖಲೆಗೆಂದು ಪ್ರಸಾರದ ಹೊತ್ತಿಗೇ ಮುದ್ರಿಸಿಟ್ಟುಕೊಂಡ 16 ಇಂಚಿನ ಡಿಸ್ಕುಗಳಿಂದ. ಒಂದು ಬದಿಗೆ ಹಿಡಿಸುತ್ತಿದ್ದುದು ಸುಮಾರು 15 ನಿಮಿಷ. ಕಂತಿನ ನಟ್ಟನಡುವೆ ಶಬ್ದದ ಗುಣ ದಿಢೀರನೆ ಬದಲಾದರೆ ನಿಮ್ಮ ಇಯರ್‌ಫೋನ್ ಕೆಟ್ಟಿಲ್ಲ, ಡಿಸ್ಕಿನ ಬದಿ ಬದಲಾಗಿದೆ.

ಅಂಥ ಡಿಸ್ಕಿನಿಂದ ಬಂದದ್ದು ಜಾಲದ ಪ್ರತಿ. ಇನ್ನೊಂದು ಬಗೆ ಸೇನಾ ರೇಡಿಯೋದ ಪ್ರತಿ. 1942ರಲ್ಲಿ ಹುಟ್ಟಿದ ಆರ್ಮ್ಡ್ ಫೋರ್ಸಸ್ ರೇಡಿಯೋ ಸರ್ವಿಸ್, ಸಾಗರದಾಚೆಯ ಸೈನಿಕರಿಗಾಗಿ ಜನಪ್ರಿಯ ಕಾರ್ಯಕ್ರಮಗಳಿಂದ ಜಾಹೀರಾತನ್ನೆಲ್ಲ ಕಿತ್ತು ಡಿಸ್ಕಿಗಿಳಿಸಿ ಕಳಿಸುತ್ತಿತ್ತು. ಶಬ್ದ ಬಹಳ ಸಲ ಸ್ವಚ್ಛವಾಗಿರುತ್ತದೆ. ಆದರೂ ಆಯ್ಕೆ ಇದ್ದರೆ ಜಾಲದ ಪ್ರತಿಯನ್ನೇ ಕೇಳಿ, ಕರಕರ ಎಂದರೂ ಸರಿಯೇ.

ಜಾಹೀರಾತು ಯಾರಿಗೆ ಬೇಕು ಎನ್ನಬೇಡಿ. ಇಲ್ಲಿ ಅದು ಕತೆಯ ಒಳಗೇ ಇದೆ. 'ಫಿಬರ್ ಮೆಗೀ ಅಂಡ್ ಮಾಲಿ' ಎಂಬ ಇನ್ನೊಂದು ಹಾಸ್ಯ ಕಾರ್ಯಕ್ರಮದಲ್ಲಿ ಉದ್ಘೋಷಕ ಹಾರ್ಲೋ ವಿಲ್ಕಾಕ್ಸ್ ನೆರೆಯವನಂತೆ ಮನೆಯೊಳಕ್ಕೆ ಬರುತ್ತಾನೆ. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಜಾನ್ಸನ್ಸ್ ವ್ಯಾಕ್ಸ್‌ಗೆ ತಂದು ನಿಲ್ಲಿಸುತ್ತಾನೆ. ಈ ಸಲ ಹೇಗೆ ತರುತ್ತಾನೆ ಎಂದು ಕಾಯುವುದೇ ಅಲ್ಲಿನ ಮಜಾ. ಅದನ್ನು ಕಿತ್ತರೆ ಕಂತಿನ ನಡುವೆ ಹಳ್ಳ ಬೀಳುತ್ತದೆ. ಬೆನ್ನಿಯ ಈ ಕಾಲದ ಪ್ರಾಯೋಜಕರು ಲಕ್ಕಿ ಸ್ಟ್ರೈಕ್ ಸಿಗರೇಟಿನವರು. ತಂಬಾಕು ಹರಾಜುಗಾರನ ಗಡಗಡ ಕೂಗು 'ಸೋಲ್ಡ್, ಅಮೆರಿಕನ್!' ಎಂದು ಮುಗಿಯುವುದನ್ನು ಪ್ರತಿ ವಾರ ಕೇಳುತ್ತೀರಿ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಇದು ಉಳಿದವರಿಗಿಂತ ಬೇಗ ಅರ್ಥವಾದೀತು, ಅಲ್ಲಿ ಬೆಳೆಯುವುದೂ ಅದೇ ವರ್ಜೀನಿಯಾ ತಳಿ. ಪ್ರಾಯೋಜಕರ ಘೋಷಣೆಗಳನ್ನು ಕಲಾವಿದರು ಮುಂದಿನ ಪ್ರಹಸನದಲ್ಲೇ ಗೇಲಿ ಮಾಡುವುದರಿಂದ ಮೂಲ ಕಿವಿಯಲ್ಲಿರಬೇಕು.

ಹಾಡನ್ನು ಬೇಕಿದ್ದರೆ ದಾಟಿಸಿ. ಅದಕ್ಕೆ ನನ್ನ ತಕರಾರಿಲ್ಲ.

ವೇಗ ಸರಿಯಿದೆಯೇ ನೋಡಿ

ಡಿಸ್ಕಿನಿಂದ ಟೇಪಿಗೆ, ಟೇಪಿನಿಂದ ಟೇಪಿಗೆ, ಅಲ್ಲಿಂದ ಕಂಪ್ಯೂಟರಿಗೆ ಬರುವಷ್ಟರಲ್ಲಿ ವೇಗ ಏರುಪೇರಾಗಿರುವ ಕಡತಗಳು ಸಾಕಷ್ಟಿವೆ. ಎಲ್ಲರ ದನಿಯೂ ತುಸು ಕೀಚಲಾಗಿ ಕೇಳಿದರೆ, ಅಥವಾ ಎಲ್ಲರೂ ನಿದ್ದೆಗಣ್ಣಲ್ಲಿ ಮಾತಾಡಿದಂತಿದ್ದರೆ ಅನುಮಾನಿಸಿ. ಪರೀಕ್ಷಿಸಲು ಸುಲಭದ ದಾರಿಯಿದೆ. ಎನ್‌ಬಿಸಿ ಕಾರ್ಯಕ್ರಮದ ಕೊನೆಗೆ ಮೂರು ಸ್ವರಗಳ ಗಂಟೆನಾದ ಬರುತ್ತದೆ: ಜಿ, ಇ, ಸಿ. ಮನೆಯಲ್ಲಿ ಕೀಬೋರ್ಡ್ ಇದ್ದರೆ ಮಧ್ಯದ ಸಿ, ಅದರ ಮೇಲಿನ ಇ, ಕೆಳಗಿನ ಜಿ ಒತ್ತಿ ಹೋಲಿಸಿ. ಇಲ್ಲವಾದರೆ ತಂಬೂರಿ ಶ್ರುತಿ ಮಾಡುವವರು ಬಳಸುವ ಟ್ಯೂನರ್ ಆ್ಯಪ್ ಸಾಕು. ಜಿ, ಇ, ಸಿ ಕ್ರಮವಾಗಿ 196, 330, 262 ಹರ್ಟ್ಸ್‌ಗೆ ಹತ್ತಿರವಿದ್ದರೆ ಕಡತ ಸರಿಯಿದೆ. ಇಲ್ಲದಿದ್ದರೆ ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ 'ಚೇಂಜ್ ಸ್ಪೀಡ್' (ಹೊಸ ಆವೃತ್ತಿಗಳಲ್ಲಿ 'ಚೇಂಜ್ ಸ್ಪೀಡ್ ಅಂಡ್ ಪಿಚ್') ಬಳಸಿ ಸರಿಮಾಡಬಹುದು. 'ಚೇಂಜ್ ಟೆಂಪೊ' ಅಲ್ಲ. ಅದು ವೇಗ ಬದಲಿಸಿ ಶ್ರುತಿಯನ್ನು ಹಾಗೇ ಬಿಡುತ್ತದೆ, ನಮಗೆ ಎರಡೂ ಒಟ್ಟಿಗೆ ಬದಲಾಗಬೇಕು.

ಅರ್ಧ ಗಂಟೆಯ ಕಾರ್ಯಕ್ರಮ ಗಂಟೆನಾದ ಸಮೇತ ಇಪ್ಪತ್ತೊಂಬತ್ತೂವರೆ ನಿಮಿಷದ ಆಸುಪಾಸು ಇರಬೇಕು. 27 ನಿಮಿಷಕ್ಕೆ ಮುಗಿದರೆ ಒಂದೋ ವೇಗ ಹೆಚ್ಚಿದೆ, ಇಲ್ಲವೇ ಯಾರೋ ಏನನ್ನೋ ಕತ್ತರಿಸಿದ್ದಾರೆ.

ಪ್ಲೇಯರಿನ ಜಾಣತನ ನಿಲ್ಲಿಸಿ

ಇದೊಂದನ್ನು ಮಾಡದಿದ್ದರೆ ಮೇಲಿನದೆಲ್ಲ ನೀರಲ್ಲಿ ಹೋಮ. ಇಂದಿನ ಪಾಡ್‌ಕಾಸ್ಟ್ ಆ್ಯಪ್‌ಗಳಲ್ಲಿ 'ಟ್ರಿಮ್ ಸೈಲೆನ್ಸ್' ಎಂಬ ಗುಂಡಿ ಇರುತ್ತದೆ. ಸಮಯ ಉಳಿಸಲೆಂದು ಅದು ಮಾತಿನ ನಡುವಿನ ಖಾಲಿ ಜಾಗಗಳನ್ನು ತಾನಾಗಿಯೇ ಕತ್ತರಿಸುತ್ತದೆ. ಸುದ್ದಿ, ಸಂದರ್ಶನಗಳಿಗೆ ಅದು ಒಳ್ಳೆಯದೇ. ಬೆನ್ನಿಗೆ ಅದು ವಿಷ. ಅವರ ಕಲೆಯೆಲ್ಲ ಇದ್ದದ್ದು ಯಾವಾಗ ಮಾತಾಡಬಾರದು ಎಂಬ ತಿಳಿವಿನಲ್ಲಿ. ಯಾರೋ ಅವಮಾನಿಸುತ್ತಾರೆ, ಬಿಡುವು, ಆಮೇಲೆ ತಣ್ಣಗೊಂದು 'ವೆಲ್!' ಆ ಬಿಡುವನ್ನು ಆ್ಯಪ್ ನುಂಗಿದರೆ ಉಳಿಯುವುದು ಒಬ್ಬ ಮಾಮೂಲಿ ಮನುಷ್ಯ 'ವೆಲ್' ಎಂದದ್ದು ಮಾತ್ರ. ಮೊದಲು ಆ ಗುಂಡಿ ಆಫ್ ಮಾಡಿ.

ವೇಗವನ್ನೂ 1ರಲ್ಲೇ ಇಡಿ. ಅಮೆರಿಕನ್ ಇಂಗ್ಲಿಷ್ ಹಿಡಿತಕ್ಕೆ ಸಿಗುತ್ತಿಲ್ಲವೆಂದು ನಿಧಾನ ಮಾಡುವ ಬದಲು ಆ ಭಾಗವನ್ನು ಎರಡನೇ ಸಲ ಕೇಳಿ. ಆಂಡ್ರಾಯ್ಡ್‌ನ 'ಲೈವ್ ಕ್ಯಾಪ್ಶನ್' ಯಾವ ಧ್ವನಿಗಾದರೂ ಇಂಗ್ಲಿಷ್ ಅಕ್ಷರ ಮೂಡಿಸುತ್ತದೆ. ಅದನ್ನೂ ಎರಡನೇ ಕೇಳುವಿಕೆಗೆ ಇಟ್ಟುಕೊಳ್ಳಿ, ಏಕೆಂದರೆ ಅಕ್ಷರ ಓದುತ್ತ ಕೂತರೆ ಕಿವಿ ಸೋಮಾರಿಯಾಗುತ್ತದೆ. ಕಡತ ಒಂದೇ ಕಿವಿಯಲ್ಲಿ ಕೇಳುತ್ತಿದ್ದರೆ ಮೊಬೈಲಿನ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ 'ಮೋನೊ ಆಡಿಯೋ' ಹಾಕಿಕೊಳ್ಳಿ. ಇಯರ್‌ಫೋನ್ ಇಲ್ಲದೆ ಒಂದು ಸಣ್ಣ ಸ್ಪೀಕರಿನಲ್ಲಿ, ಮನೆಯವರೊಂದಿಗೆ ಕೇಳಿದರೆ ಇನ್ನೂ ಲೇಸು. ಈ ನಗು ಒಬ್ಬರೇ ಕೇಳಲೆಂದು ತಯಾರಾದದ್ದಲ್ಲ.

ವಾರಕ್ಕೊಂದು

ಬೆನ್ನಿ ಬರುತ್ತಿದ್ದದ್ದು ಭಾನುವಾರ ಸಂಜೆ, ನ್ಯೂಯಾರ್ಕ್ ಗಡಿಯಾರದಲ್ಲಿ ಏಳಕ್ಕೆ. ವಾರಕ್ಕೊಂದು ನಿಮಗೆ ಕಷ್ಟವಾದರೆ ಎರಡು, ಅದಕ್ಕಿಂತ ಹೆಚ್ಚು ಬೇಡ. ಒಂದೇ ಕೂರುವಿಕೆಯಲ್ಲಿ ಆರು ಕಂತು ಕೇಳಿದರೆ ಜಿಪುಣತನದ ಜೋಕು ಆರನೆಯ ಸಲ ಬರುವಷ್ಟರಲ್ಲಿ ರೇಜಿಗೆಯಾಗುತ್ತದೆ. ವಾರದ ಬಿಡುವಿಟ್ಟು ಕೇಳಿದರೆ ಅದೇ ಜೋಕು ಗೆಳೆಯನ ಚಟದಂತೆ ಆಪ್ತವಾಗುತ್ತದೆ. ಬರೆದವರಿಗೆ ಈ ಅಂತರದ ಲೆಕ್ಕ ಪಕ್ಕಾ ಇತ್ತು. ಫಿಬರ್ ಮೆಗೀ ಮನೆಯ ಕಪಾಟಿನ ಉದಾಹರಣೆ ನೋಡಿ: ಬಾಗಿಲು ತೆರೆದರೆ ಒಳಗೆ ತುರುಕಿದ ಸಾಮಾನೆಲ್ಲ ದಡಬಡ ಉರುಳಿ, ಕೊನೆಗೆ ಸಣ್ಣದೊಂದು ಗಂಟೆ 'ಟಿಣ್' ಎನ್ನುತ್ತದೆ. 1940ರ ಮಾರ್ಚ್‌ನಲ್ಲಿ ಮೊದಲ ಬಾರಿ ಬಂದ ಈ ಶಬ್ದ ಅಮೆರಿಕದ ಮನೆಮಾತಾಯಿತು. ಆದರೆ ಅದನ್ನು ಪ್ರತಿ ವಾರ ಬಳಸಲಿಲ್ಲ. ಕಪಾಟಿನ ಬಾಗಿಲಿಗೆ ಕೈ ಹಾಕಿ, ತೆರೆಯದೆ ಬಿಟ್ಟ ವಾರಗಳೂ ಉಂಟು.

ಅರ್ಥವಾಗದ ಜೋಕುಗಳು

ಎಲ್ಲ ಜೋಕೂ ಅರ್ಥವಾಗಬೇಕಿಲ್ಲ. 1945ರ ಅಮೆರಿಕನ್ನರಲ್ಲದ ನಮಗೆ ಕಂತಿಗೆ ಐದಾರು ಜಾರಿಹೋಗುವುದು ಸಹಜ. ಈ ಋತುವಿನಲ್ಲಿ ಮತ್ತೆ ಮತ್ತೆ ಬರುವ ಕೆಲವು ಸಂಗತಿಗಳನ್ನು ತಿಳಿದಿದ್ದರೆ ಸಾಕು. ಯುದ್ಧ ಆಗಷ್ಟೇ ಮುಗಿದಿದೆ, ಲಕ್ಷಾಂತರ ಸೈನಿಕರು ಮನೆಗೆ ಮರಳುತ್ತಿದ್ದಾರೆ, ಬಾಡಿಗೆ ಮನೆ ಸಿಗುತ್ತಿಲ್ಲ. ನೈಲಾನ್ ಕಾಲುಚೀಲಕ್ಕೆ ಹೆಂಗಸರು ಕ್ಯೂ ನಿಲ್ಲುತ್ತಿದ್ದಾರೆ. ಪೆಟ್ರೋಲ್ ಪಡಿತರ ಮುಗಿದಿದೆ, ಸಕ್ಕರೆಯದು ಮುಗಿದಿಲ್ಲ. ಹಿಂದಿನ ವರ್ಷಗಳ ಕಂತು ಕೇಳುವುದಾದರೆ 'ಎ ಸ್ಟಿಕರ್' ಎಂದರೆ ಅತಿ ಕಡಿಮೆ ಪೆಟ್ರೋಲ್ ಸಿಗುವ ಕಾರು ಎಂಬುದೂ ಗೊತ್ತಿರಲಿ.

ಕಂತಿನ ದಿನಾಂಕ ಇಟ್ಟುಕೊಂಡು ಅದರ ಹಿಂದಿನ ವಾರದ ಪತ್ರಿಕೆ ತಿರುವಿದರೆ ಅರ್ಧ ಒಗಟು ಬಿಡಿಸಿಕೊಳ್ಳುತ್ತದೆ. ಲೈಬ್ರರಿ ಆಫ್ ಕಾಂಗ್ರೆಸ್‌ನ 'ಕ್ರಾನಿಕ್ಲಿಂಗ್ ಅಮೆರಿಕ' ಸಂಗ್ರಹದಲ್ಲಿ ಹಳೆಯ ಪತ್ರಿಕೆಗಳು ಉಚಿತ. ಆ ಕಾಲದ ರೇಡಿಯೋ ಮಾಸಿಕಗಳ ಪುಟಗಳು 'ವರ್ಲ್ಡ್ ರೇಡಿಯೋ ಹಿಸ್ಟರಿ' ತಾಣದಲ್ಲಿ ಸಿಗುತ್ತವೆ. ಆದರೆ ಕೇಳಿದ ಮೇಲೆ ನೋಡಿ. ಮೊದಲೇ ಓದಿಕೊಂಡು ಕೂತರೆ ಅದು ಪರೀಕ್ಷೆಯ ತಯಾರಿಯಾಗುತ್ತದೆ.

ಫ್ರೆಡ್ ಅಲೆನ್ ವಿಷಯದಲ್ಲಿ ಮಾತ್ರ ಈ ಕಷ್ಟ ಪಡಲೇಬೇಕು. ಬೆನ್ನಿಯ ನಗು ಸ್ವಭಾವದ್ದು, ಅಲೆನ್‌ನದು ಆ ವಾರದ ಸುದ್ದಿಯದ್ದು. ಹಾಗಾಗಿ ಅಂದು ಅವರನ್ನೇ ಹೆಚ್ಚು ಬುದ್ಧಿವಂತರೆಂದು ಮೆಚ್ಚಿದವರಿದ್ದರೂ ಇಂದು ಹೆಚ್ಚು ಮಾಸಿರುವುದು ಅವರದೇ. 'ಅಲೆನ್ಸ್ ಆ್ಯಲಿ' ಎಂಬ ಭಾಗದಲ್ಲಿ ಅವರು ಒಂದು ಓಣಿಯ ಬಾಗಿಲುಗಳನ್ನು ತಟ್ಟುತ್ತ ಹೋಗುತ್ತಾರೆ. ಬಾಗಿಲು ತೆರೆಯುವವರಲ್ಲಿ ದಕ್ಷಿಣದ ರಾಜ್ಯಗಳ ಬಡಾಯಿ ರಾಜಕಾರಣಿ ಸೆನೆಟರ್ ಕ್ಲಾಗ್‌ಹಾರ್ನ್ ಒಬ್ಬ. ಫಾಗ್‌ಹಾರ್ನ್ ಲೆಗ್‌ಹಾರ್ನ್ ಎಂಬ ಕಾರ್ಟೂನ್ ಹುಂಜದ ಮಾತಿನ ಗತ್ತು ಇವನಿಂದಲೇ ಬಂದದ್ದು. ಜಾಲದ ಅಧಿಕಾರಿಗಳನ್ನು ಅಲೆನ್ ಬಿಡುತ್ತಿರಲಿಲ್ಲ, ಅವರೂ ಇವರನ್ನು ಬಿಡಲಿಲ್ಲ. 1947ರ ಏಪ್ರಿಲ್ 20ರಂದು ಎನ್‌ಬಿಸಿಯ ಉಪಾಧ್ಯಕ್ಷರನ್ನು ಗೇಲಿ ಮಾಡಿದ್ದಕ್ಕೆ ಪ್ರಸಾರವನ್ನೇ ಕೆಲಹೊತ್ತು ಕತ್ತರಿಸಿಬಿಟ್ಟರು. ಅದೇ ವಾರ ಆ ಕತ್ತರಿಯನ್ನು ಗೇಲಿ ಮಾಡಿದ ಹಾಸ್ಯಗಾರರಾದ ಬಾಬ್ ಹೋಪ್ ಮತ್ತು ರೆಡ್ ಸ್ಕೆಲ್ಟನ್‌ಗೂ ಕತ್ತರಿ ಬಿತ್ತು. ಕೊನೆಗೆ ಮೂವರನ್ನೂ ಗೌರವ ಉಪಾಧ್ಯಕ್ಷರನ್ನಾಗಿ ಮಾಡಿ ಜಾಲ ಮಾನ ಉಳಿಸಿಕೊಂಡಿತು.

ನಿಮ್ಮ 1945–46ರ ಋತುವನ್ನು ಮುಗಿಸಬೇಕಾದದ್ದೂ ಅಲೆನ್ ಕಾರ್ಯಕ್ರಮದಿಂದಲೇ. 1946ರ ಮೇ 26ರ ಕಂತನ್ನು ಹುಡುಕಿ. ಬೆನ್ನಿ ಅಲ್ಲಿ ವೇಷ ಮರೆಸಿಕೊಂಡು 'ಕಿಂಗ್ ಫಾರ್ ಎ ಡೇ' ಎಂಬ ಬಹುಮಾನದ ಆಟಕ್ಕೆ ಬರುತ್ತಾನೆ. ಗೆದ್ದ ಬಹುಮಾನದಲ್ಲಿ ಒಂದು, ಅಲ್ಲೇ ವೇದಿಕೆಯಲ್ಲೇ ಸೂಟು ಇಸ್ತ್ರಿ ಮಾಡಿಕೊಡುವುದು. ಪ್ಯಾಂಟು ಬಿಚ್ಚಿಸುತ್ತಾರೆ. ಸಭಿಕರ ಕೂಗಾಟದಲ್ಲಿ ಕಾರ್ಯಕ್ರಮಕ್ಕೆ ಹೊತ್ತು ಮೀರಿ, ಮಾತು ಮುಗಿಯುವ ಮೊದಲೇ ಪ್ರಸಾರ ಕಡಿದುಹೋಗುತ್ತದೆ. ಇಡೀ ವರ್ಷ ಇವರಿಬ್ಬರ ಜಗಳ ಕೇಳಿದವರಿಗೆ ಇದಕ್ಕಿಂತ ಒಳ್ಳೆಯ ಕೊನೆ ಬೇಕಿಲ್ಲ.

ಗಂಟಲಲ್ಲಿ ಇಳಿಯದ ಭಾಗ

ಈ ಕಾರ್ಯಕ್ರಮಗಳಲ್ಲಿ ಕರಿಯರನ್ನೂ ಚೀನೀಯರನ್ನೂ ಮೆಕ್ಸಿಕನ್ನರನ್ನೂ ಆಡಿಕೊಂಡು ನಗಿಸುವ ಜಾಗಗಳು ಧಾರಾಳ. ಯುದ್ಧಕಾಲದ ಜಪಾನೀಯರ ಬಗೆಗಿನ ಮಾತುಗಳಂತೂ ಹಸಿ ದ್ವೇಷ. 1920ರ ದಶಕದ ಕೊನೆಯಿಂದ ದೇಶವನ್ನೇ ಮರುಳು ಮಾಡಿದ್ದ 'ಅಮೋಸ್ ಎನ್ ಆ್ಯಂಡಿ'ಯಲ್ಲಿ ಕರಿಯರ ಪಾತ್ರ ಮಾಡಿದವರು ಇಬ್ಬರು ಬಿಳಿಯರು, ಫ್ರೀಮನ್ ಗಾಸ್ಡನ್ ಮತ್ತು ಚಾರ್ಲ್ಸ್ ಕೊರೆಲ್. 1931ರಲ್ಲೇ ಕರಿಯರ ಪತ್ರಿಕೆಯಾದ ಪಿಟ್ಸ್‌ಬರ್ಗ್ ಕೊರಿಯರ್ ಅದರ ವಿರುದ್ಧ ಸಹಿ ಸಂಗ್ರಹ ನಡೆಸಿತ್ತು. ಆಗಿನವರಿಗೆ ಗೊತ್ತಿರಲಿಲ್ಲ ಬಿಡಿ ಎನ್ನುವ ಸಮಜಾಯಿಷಿ ಅಲ್ಲಿಗೇ ಬಿದ್ದುಹೋಗುತ್ತದೆ. ಫಿಬರ್ ಮೆಗೀಯಲ್ಲಿ 1944ರಿಂದ ಬರುವ ಬ್ಯೂಲಾ ಎಂಬ ಕರಿಯ ಕೆಲಸದಾಕೆಯ ದನಿ ಮಾರ್ಲಿನ್ ಹರ್ಟ್ ಎಂಬ ಬಿಳಿಯ ಗಂಡಸಿನದು. ಅವಳು ಬಾಯಿ ತೆರೆದ ತಕ್ಷಣ ಸಭಿಕರು ಹೋ ಎಂದು ನಗುವುದು ಆ ವಿಸ್ಮಯಕ್ಕೆ.

ರೋಚೆಸ್ಟರ್ ಹಾಗಲ್ಲ. ಎಡ್ಡಿ ಆ್ಯಂಡರ್ಸನ್ ಸ್ವತಃ ಕರಿಯ ನಟ, 1937ರಲ್ಲಿ ರೈಲಿನ ಸಹಾಯಕನಾಗಿ ಒಂದೇ ಕಂತಿಗೆ ಬಂದು ಅಲ್ಲೇ ನೆಲೆನಿಂತವರು. ಮೊದಲ ವರ್ಷಗಳಲ್ಲಿ ಅವರ ಬಾಯಲ್ಲೂ ಜೂಜು, ಕುಡಿತದ ಸವಕಲು ಜೋಕುಗಳಿವೆ. ಯುದ್ಧದ ನಂತರ ಬೆನ್ನಿ ಅಂಥವನ್ನು ಕೈಬಿಡುತ್ತ ಬಂದರು. 1945–46ರ ಹೊತ್ತಿಗೆ ಯಜಮಾನನ ಬಣ್ಣ ಬಯಲು ಮಾಡುವವನೇ ರೋಚೆಸ್ಟರ್, ಜಗಳದಲ್ಲಿ ಗೆಲ್ಲುವವನೂ ಅವನೇ. 1939–40ರ ಒಂದೆರಡು ಕಂತನ್ನು ಆಮೇಲೆ ಕೇಳಿ ನೋಡಿದರೆ ಬದಲಾವಣೆ ಕಿವಿಗೇ ತಿಳಿಯುತ್ತದೆ. ಮಕ್ಕಳೊಂದಿಗೆ ಕೇಳುವ ಯೋಚನೆ ಇದ್ದರೆ ಕಂತನ್ನು ನೀವೊ­ಮ್ಮೆ ಮೊದಲೇ ಕೇಳಿಕೊಳ್ಳಿ.

ಆಮೇಲೆ ಯಾವುದು

ಬೆನ್ನಿ ಹಿಡಿಸಿದರೆ ಫಿಬರ್ ಮೆಗೀಯ ಯುದ್ಧಪೂರ್ವ ಕಂತುಗಳು, ಅಲ್ಲಿಂದ 1941ರಲ್ಲಿ ಟಿಸಿಲೊಡೆದ 'ದಿ ಗ್ರೇಟ್ ಗಿಲ್ಡರ್‌ಸ್ಲೀವ್'. ಶಾಲೆಯ ಮೇಷ್ಟ್ರ ಕತೆ ಬೇಕಿದ್ದರೆ ಈವ್ ಆರ್ಡನ್ ಅವರ 'ಅವರ್ ಮಿಸ್ ಬ್ರೂಕ್ಸ್', 1948ರಿಂದ. ಲೂಸಿಲ್ ಬಾಲ್ ಟಿವಿಯಲ್ಲಿ ಮನೆಮಾತಾಗುವ ಮೊದಲು ಪಳಗಿದ್ದು 'ಮೈ ಫೇವರಿಟ್ ಹಸ್ಬೆಂಡ್'ನಲ್ಲಿ, 1948–51. ಪಾಲ್ ರೈಮರ್ ಬರೆದ 'ವಿಕ್ ಅಂಡ್ ಸೇಡ್' ನನ್ನ ಖಾಸಗಿ ಮೋಹ. ಸಭಿಕರಿಲ್ಲ, ನಗುವಿಲ್ಲ, ಸಣ್ಣ ಊರಿನ ಮನೆಯ ಹಗಲಿನ ಹರಟೆ ಹದಿನೈದು ನಿಮಿಷ, ಅಷ್ಟೇ. ಮೂರೂವರೆ ಸಾವಿರದಷ್ಟು ಪ್ರಸಾರವಾದರೂ ಉಳಿದದ್ದು ಹತ್ತರಲ್ಲೊಂದು ಪಾಲು. ಇದನ್ನು ಕೊನೆಗೆ ಇಟ್ಟುಕೊಳ್ಳಿ, ಕಿವಿ ಪಳಗಿದ ಮೇಲೆ.

ಬ್ರಿಟನ್ನಿನ ಕಡೆ ಹೊರಳಿದರೆ ಎಲ್ಲ ಲೆಕ್ಕವೂ ಬದಲು. ಬಿಬಿಸಿಯಲ್ಲಿ ಜಾಹೀರಾತಿಲ್ಲ, ಪ್ರತಿ ಹುಡುಕುವ ತಲೆನೋವೂ ಕಡಿಮೆ. ಸೋಮಾರಿ ಭಾನುವಾರದ ಬೇಸರವನ್ನೇ ಅರ್ಧ ಗಂಟೆ ಹಿಗ್ಗಿಸಿದ, 1958ರ 'ಹ್ಯಾಂಕಾಕ್ಸ್ ಹಾಫ್ ಅವರ್'ನ 'ಸಂಡೇ ಆಫ್ಟರ್‌ನೂನ್ ಅಟ್ ಹೋಮ್' ಕಂತನ್ನು ಬೆನ್ನಿಯ ಮೌನ ಕಲಿತವರು ಸಲೀಸಾಗಿ ಸವಿಯಬಹುದು. 'ದಿ ಗೂನ್ ಶೋ' ಇದಕ್ಕೆ ತದ್ವಿರುದ್ಧ, ಅಲ್ಲಿ ಉಸಿರಾಡಲೂ ಬಿಡುವಿಲ್ಲ. 1951ರಿಂದ 1960ರವರೆಗೆ ನಡೆದ ಅದರ ಮುಖ್ಯ ಲೇಖಕ ಸ್ಪೈಕ್ ಮಿಲಿಗನ್ ಹುಟ್ಟಿದ್ದು ಅಹಮದ್‌ನಗರದಲ್ಲಿ, ಬೆಳೆದದ್ದು ಪುಣೆ ಮತ್ತು ರಂಗೂನಿನಲ್ಲಿ, ಬ್ರಿಟಿಷ್ ಸೈನಿಕನ ಮಗನಾಗಿ. ಲಾಲ್ಕಾಕಾ, ಬ್ಯಾನರ್ಜಿ ಎಂಬ ಇಬ್ಬರು ಭಾರತೀಯರು ಆಗಾಗ ಅದರಲ್ಲಿ ತಲೆಹಾಕುತ್ತಾರೆ. ದನಿ ಮಿಲಿಗನ್ ಮತ್ತು ಪೀಟರ್ ಸೆಲರ್ಸ್‌ರದು. ನಗಬೇಕೋ ಸಿಟ್ಟಾಗಬೇಕೋ ನೀವೇ ನಿರ್ಧರಿಸಿ, ನಾನು ಎರಡೂ ಮಾಡುತ್ತೇನೆ.

ಗೂನ್ ಶೋಗೆ ಮಾತ್ರ ಕ್ರಮದ ನಿಯಮ ಬೇಡ. ಒಂದು ಕಂತಿನಲ್ಲಿ ಸತ್ತವರು ಮುಂದಿನದರಲ್ಲಿ ಎದ್ದು ಬರುತ್ತಾರೆ. 1955ರ 'ನೆಪೋಲಿಯನ್ಸ್ ಪಿಯಾನೋ'ದಿಂದ ಶುರುಮಾಡಿ: ಪ್ಯಾರಿಸ್ಸಿನ ಲೂವ್ರ್‌ನಿಂದ ಪಿಯಾನೋ ಸಾಗಿಸಲು ಒಪ್ಪಿಕೊಂಡವನು ಅದನ್ನೇ ದೋಣಿ ಮಾಡಿಕೊಂಡು ಇಂಗ್ಲಿಷ್ ಕಾಲುವೆ ದಾಟಹೊರಡುತ್ತಾನೆ. ಅದು ರುಚಿಸಿದರೆ 1954ರ ಬೆಕ್ಸ್‌ಹಿಲ್ ಊರಿನ ಕತೆ, ಯುದ್ಧಕಾಲದ ಕತ್ತಲಲ್ಲಿ ಯಾರೋ ಮುದುಕಿಯರ ಮೇಲೆ ಪುಡ್ಡಿಂಗ್ ಎಸೆದು ಓಡುವುದು. ರುಚಿಸದಿದ್ದರೆ ಗೂನ್‌ಗಳನ್ನು ಅಲ್ಲಿಗೇ ಬಿಟ್ಟು ಬೆನ್ನಿಯ 1946ರ ಶರತ್ಕಾಲಕ್ಕೆ ಹೋಗಿ. ಆ ಡಿಸೆಂಬರಿನಲ್ಲಿ ಅವನು ಕ್ರಿಸ್‌ಮಸ್ ಉಡುಗೊರೆಗೆಂದು ಒಂದು ಜತೆ ಷೂ ಲೇಸ್ ಕೊಳ್ಳುತ್ತಾನೆ. ತುದಿಗೆ ಲೋಹದ್ದಿರಬೇಕೋ ಪ್ಲಾಸ್ಟಿಕ್ಕಿನದೋ ಎಂದು ಅಂಗಡಿಯವನನ್ನು ಮತ್ತೆ ಮತ್ತೆ ಕಾಡುತ್ತಾನೆ. ಅಂಗಡಿಯವನು ಮೆಲ್ ಬ್ಲಾಂಕ್.